ಹಳೆ ಡಿವಿಡಿ ಡ್ರೈವ್, ಹಾರ್ಡ್ ಡಿಸ್ಕ್ ಬಿಚ್ಚಿದರೆ ಏನೇನು ಸಿಗುತ್ತದೆ

ಮುಂಬೈಯ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಹೊಸ ಸ್ಟೆಪ್ಪರ್ ಮೋಟಾರು (ಹೆಜ್ಜೆ ಹೆಜ್ಜೆಯಾಗಿ ತಿರುಗುವ ಮೋಟಾರು) ಬೇಕಾದಷ್ಟು ಸಿಗುತ್ತವೆ. ಆದರೆ ಮೋಟಾರು, ಸ್ಕ್ರೂ ಕಡ್ಡಿ, ಜಾರುಕಂಬಿ ಮೂರೂ ಜೋಡಿಸಿಯೇ ಇರುವ ಸರಕು ಬೇಕಾದಾಗ ನಾನು ಹುಡುಕುವುದು ಭಂಗಾರ್ (ಗುಜರಿ) ಅಂಗಡಿಯ ಡಿವಿಡಿ ಡ್ರೈವನ್ನು.

ಮುಂದಿನ ಸಣ್ಣ ತೂತಿಗೆ ಪೇಪರ್ ಕ್ಲಿಪ್ಪಿನ ತಂತಿ ತೂರಿಸಿದರೆ ಟ್ರೇ ಹೊರಬರುತ್ತದೆ. ಮುಂಭಾಗದ ಪಟ್ಟಿ, ಅಡಿಯ ಸ್ಕ್ರೂಗಳನ್ನು ತೆಗೆಯಿರಿ. ಲೆನ್ಸ್ ಗಾಡಿಯನ್ನು ಓಡಿಸುವ ಮೋಟಾರಿಗೆ ನಾಲ್ಕು ತಂತಿ ಇದ್ದರೆ ಅದು ಸ್ಟೆಪ್ಪರ್. ಎರಡೇ ತಂತಿ, ಪಕ್ಕದಲ್ಲಿ ಹಲ್ಲಿನ ಚಕ್ರ ಕಂಡರೆ ಬರೀ ಡಿಸಿ ಮೋಟಾರು. ಪೆನ್ನು ಹಿಡಿದು ಚಿತ್ರ ಬರೆಯುವ ಪುಟ್ಟ ಯಂತ್ರ, ಅಂದರೆ ಪ್ಲಾಟರ್ ಮಾಡುವವರಿಗೆ ಉಪಯೋಗವಿಲ್ಲ.

ಸಾಮಾನ್ಯವಾಗಿ ಈ ಸ್ಟೆಪ್ಪರ್ ಒಂದು ಸುತ್ತಿಗೆ 20 ಹೆಜ್ಜೆ ಇಡುತ್ತದೆ, ಗಾಡಿ 3 ಮಿ.ಮೀ. ಸರಿಯುತ್ತದೆ. ಹೆಜ್ಜೆಗೆ 0.15 ಮಿ.ಮೀ. ಆಯಿತು. ಒಟ್ಟು ಓಟ ಸುಮಾರು 40 ಮಿ.ಮೀ.

ಪಟ್ಟಿ ಕೇಬಲ್ ಬಿಡಿಸಿ ಮೋಟಾರಿನ ನಾಲ್ಕು ಬಿಂದುಗಳಿಗೆ ತೆಳು ತಂತಿ ಬೆಸೆಯಿರಿ. ಬೆಸುಗೆ ಕಡ್ಡಿಯನ್ನು ಎರಡು ಸೆಕೆಂಡಿಗಿಂತ ಹೆಚ್ಚು ಇಟ್ಟರೆ ಪ್ಲಾಸ್ಟಿಕ್ ಕರಗಿ ಒಳಗಿನ ಕೂದಲೆಳೆಯ ತಂತಿ ಕಿತ್ತುಬರುತ್ತದೆ. ಬೆಸೆದ ಮೇಲೆ ತಂತಿಗಳನ್ನು ಚೌಕಟ್ಟಿಗೆ ಅಂಟಿನಿಂದ ಭದ್ರಪಡಿಸಲೇಬೇಕು. ಜೋಡಿ ಹುಡುಕಲು ಮಲ್ಟಿಮೀಟರ್ ಸಾಕು: ಒಂದೇ ಸುರುಳಿಯ ಎರಡು ತುದಿಗಳ ನಡುವೆ ಹತ್ತು ಓಮ್ ಆಸುಪಾಸು ತೋರುತ್ತದೆ, ಬೇರೆ ಸುರುಳಿಯದಾದರೆ ಏನೂ ತೋರದು. ಜೋಡಿ ತಪ್ಪಿದರೆ ಮೋಟಾರು ನಿಂತಲ್ಲೇ ನಡುಗುತ್ತದೆ.

ಸ್ಟೆಪ್ಪರ್ ಓಡಿಸುವ ಎ4988 ಡ್ರೈವರ್ ಬೋರ್ಡು ಬಳಸುವವರು ಮೊದಲು ಕರೆಂಟ್ ಮಿತಿ ಇಳಿಸಿ. ಬೋರ್ಡಿನಲ್ಲಿ ಕರೆಂಟ್ ಅಳೆಯಲು ಇರುವ ಸೆನ್ಸ್ ರೆಸಿಸ್ಟರ್ ಮೇಲೆ ಆರ್100 ಎಂದಿದ್ದರೆ, ಅಂದರೆ 0.1 ಓಮ್ ಆದರೆ, ವಿರೆಫ್ (ಮಿತಿಯನ್ನು ಗೊತ್ತುಮಾಡುವ ವೋಲ್ಟೇಜ್) 0.16 ವೋಲ್ಟ್‌ಗೆ ಇಟ್ಟಾಗ ಮಿತಿ 0.2 ಆಂಪಿಯರ್ ಆಗುತ್ತದೆ. ಬೋರ್ಡು ಬಂದಂತೆಯೇ ಹಾಕಿದರೆ ಮೋಟಾರು ಮುಟ್ಟಲಾಗದಷ್ಟು ಬಿಸಿಯಾಗಿ ಸುರುಳಿ ಸುಡಬಹುದು. ಗಾಡಿಯನ್ನು ಸ್ಕ್ರೂ ಕಡ್ಡಿಗೆ ಒತ್ತಿಹಿಡಿಯುವುದು ಸ್ಪ್ರಿಂಗ್ ಇರುವ ಪುಟ್ಟ ಪ್ಲಾಸ್ಟಿಕ್ ಹಲ್ಲು. ಪೆನ್ನಿನ ಭಾರಕ್ಕೆ ಅದು ಸಾಕು, ಮರ ಕೊರೆಯಲು ಹೋದರೆ ಜಾರುತ್ತದೆ. ಗಟ್ಟಿಯಾದ ಹಳೆ ಗ್ರೀಸ್ ಒರೆಸಿ ಹೊಲಿಗೆ ಯಂತ್ರದ ಎಣ್ಣೆ ಒಂದೆರಡು ಹನಿ ಬಿಡಿ.

ಲೇಸರ್ ಡಯೋಡಿಗೆ ಕರೆಂಟ್ ಕೊಡಬೇಡಿ. ರೈಟರ್ ಡ್ರೈವಿನ ಕೆಂಪು ಕಿರಣ ಕಣ್ಣನ್ನು ಶಾಶ್ವತವಾಗಿ ಹಾಳುಮಾಡಬಲ್ಲದು. ಸಿಡಿಗೆ ಬಳಸುವ 780 ನ್ಯಾನೋಮೀಟರ್ ಕಿರಣ ಕಣ್ಣಿಗೆ ಕಾಣುವುದೇ ಇಲ್ಲವೆನ್ನಬೇಕು, ಆದ್ದರಿಂದ ಇನ್ನೂ ಅಪಾಯ.

ಹಾರ್ಡ್ ಡಿಸ್ಕಿನಲ್ಲಿ ನನಗೆ ಬೇಕಾದದ್ದು ನಿಯೋಡಿಮಿಯಮ್ ಅಯಸ್ಕಾಂತ. 3.5 ಇಂಚಿನದಕ್ಕೆ ಹೆಚ್ಚಾಗಿ ಟಿ8 ಟಾರ್ಕ್ಸ್ (ನಕ್ಷತ್ರದಾಕಾರದ ತುದಿಯ ಸ್ಕ್ರೂ ಡ್ರೈವರ್) ಹಿಡಿಸುತ್ತದೆ. ಮುಚ್ಚಳ ಏಳದಿದ್ದರೆ ಮೀಟಬೇಡಿ, ಲೇಬಲ್ ಅಡಿಯಲ್ಲಿ ಇನ್ನೊಂದು ಸ್ಕ್ರೂ ಇರುತ್ತದೆ. ಅಯಸ್ಕಾಂತ ಅಂಟಿರುವ ಉಕ್ಕಿನ ತಗಡಿನ ಎರಡು ತುದಿಗಳನ್ನು ಇಕ್ಕಳದಲ್ಲಿ ಹಿಡಿದು ಬಗ್ಗಿಸಿದರೆ ಅಂಟು ಬಿಡುತ್ತದೆ. ಸ್ಕ್ರೂ ಡ್ರೈವರಿನಿಂದ ಎಬ್ಬಿದರೆ ಚಕ್ಕೆ ಹಾರುತ್ತದೆ. ಕಾಯಿಸಿದರೆ, ಸಾಮಾನ್ಯ ದರ್ಜೆಯವು 80 ಡಿಗ್ರಿ ದಾಟುತ್ತಲೇ ಬಲ ಕಳೆದುಕೊಳ್ಳುತ್ತವೆ. ನಿಕಲ್ ಲೇಪ ಕಿತ್ತದ್ದು ಮುಂಬೈಯ ಮಳೆಗಾಲದ ತೇವದಲ್ಲಿ ತುಕ್ಕು ಹಿಡಿದು ಪುಡಿಯಾಗುತ್ತದೆ, ಆ ಜಾಗಕ್ಕೆ ನೇಲ್ ಪಾಲಿಶ್ ಬಳಿಯಿರಿ.

ತಟ್ಟೆ ತಿರುಗಿಸುವ ಮೋಟಾರು ಮೂರು ಫೇಸಿನದು, ಚಿಕ್ಕ ಇಎಸ್‌ಸಿಯಿಂದ (ಮೋಟಾರಿನ ವೇಗ ನಿಯಂತ್ರಿಸುವ ಬೋರ್ಡು) ಓಡಿಸಬಹುದು. ಲ್ಯಾಪ್‌ಟಾಪಿನ 2.5 ಇಂಚಿನ ಡಿಸ್ಕಾದರೆ ತಟ್ಟೆಯನ್ನು ಬಗ್ಗಿಸಿ ನೋಡಬೇಡಿ. ಅದು ಹೆಚ್ಚಾಗಿ ಗಾಜಿನದು, ಚೂರುಚೂರಾಗಿ ಸಿಡಿಯುತ್ತದೆ.