ಸ್ಪಿರಿಟ್ ಮಾಯ, ಎಣ್ಣೆ ಹಾಗೇ: ಬಿಸಿಗೆ ಯಾವ ದ್ರವ ಎಷ್ಟು ಬೇಗ ಆರುತ್ತದೆ, ಮನೆಯಲ್ಲೇ ನೋಡಿ

ಬಿಸಿ ಜಾಸ್ತಿಯಾದರೆ ನೀರು ಬೇಗ ಆರುತ್ತದೆ, ಇದು ಎಲ್ಲರಿಗೂ ಗೊತ್ತು. ಆದರೆ ಅಷ್ಟೇ ಬಿಸಿಗೆ ಸ್ಪಿರಿಟ್, ಎಣ್ಣೆ, ಜೇನು ಏನಾಗುತ್ತವೆ? ಕೊಡಗಿನಲ್ಲಿರುವವರು ಇದನ್ನು ಮಳೆಗಾಲದಲ್ಲೇ ಮಾಡಿ ನೋಡಬೇಕು. ಕಕ್ಕಡದ (ಜುಲೈ-ಆಗಸ್ಟ್‌ನ ಕೊಡವ ತಿಂಗಳು) ಮಳೆಯಲ್ಲಿ ಒಲೆಯ ಮೇಲೆ ಕಟ್ಟಿದ ಬಟ್ಟೆಯೂ ಒಣಗದೆ ವಾಸನೆ ಹಿಡಿಯುವಾಗ ಸಿಗುವ ಉತ್ತರ ಬೇಸಿಗೆಯಲ್ಲಿ ಸಿಗುವುದಿಲ್ಲ.

ಒಂದೇ ಅಳತೆಯ ಹತ್ತು ಸ್ಟೀಲ್ ಮುಚ್ಚಳ ಹೊಂದಿಸಿಕೊಳ್ಳಿ. ಅಗಲ ಒಂದೇ ಇರಬೇಕು, ಏಕೆಂದರೆ ದ್ರವ ಆರುವುದು ಮೇಲ್ಮೈಯಿಂದ. ಸೂಜಿ ಇಲ್ಲದ ಸಿರಿಂಜ್‌ನಿಂದ ಒಂದೊಂದಕ್ಕೂ 5 ಎಂಎಲ್ ಹಾಕಿ: ನೀರು, ಇನ್ನು ಕರಗುವುದೇ ಇಲ್ಲ ಎನ್ನುವಷ್ಟು ಉಪ್ಪು ಹಾಕಿದ ನೀರು, ಮೆಡಿಕಲ್ ಶಾಪಿನ ಸ್ಪಿರಿಟ್, ತೆಂಗಿನೆಣ್ಣೆ, ಜೇನು. ಹೀಗೆ ಎರಡು ಸೆಟ್. ಒಂದು ಸೆಟ್ ಗಾಳಿ ಬೀಸದ ಮೂಲೆಯಲ್ಲಿರಲಿ.

ಇನ್ನೊಂದಕ್ಕೆ ಬಿಸಿ ಕೊಡಬೇಕು. ಇಲ್ಲಿ ದಯವಿಟ್ಟು ಗಮನ ಕೊಡಿ, ಸ್ಪಿರಿಟ್ ಆವಿಗೆ ಬೆಂಕಿ ಥಟ್ಟನೆ ಹತ್ತಿಕೊಳ್ಳುತ್ತದೆ. ಒಲೆಯ ಮೇಲೆ ಇಡುವುದಂತೂ ಬೇಡವೇ ಬೇಡ. ಅಗಲದ ಪಾತ್ರೆಯಲ್ಲಿ ನೀರು ಬಿಸಿ ಮಾಡಿ, ಒಲೆ ಆರಿಸಿ, ಪಾತ್ರೆಯನ್ನು ಬೆಂಕಿ ಇಲ್ಲದ ಕೋಣೆಗೆ ಒಯ್ಯಿರಿ, ಕಿಟಕಿ ಸ್ವಲ್ಪ ತೆರೆದಿರಲಿ. ಪಾತ್ರೆಯ ಬಾಯಿ ಪೂರ್ತಿ ಮುಚ್ಚುವಂತೆ ಸ್ಟೀಲ್ ತಟ್ಟೆ ಇಟ್ಟು ಅದರ ಮೇಲೆ ಮುಚ್ಚಳಗಳನ್ನಿಡಿ. ಸಂದಿಯಿಂದ ಹಬೆ ಬಂದರೆ ಲೆಕ್ಕ ಕೆಡುತ್ತದೆ. ಮಕ್ಕಳು ಮಾಡುವುದಾದರೆ ದೊಡ್ಡವರು ಪಕ್ಕದಲ್ಲೇ ಇರಬೇಕು.

ಅರ್ಧ ಗಂಟೆಗೊಮ್ಮೆ ಉಳಿದದ್ದನ್ನು ಸಿರಿಂಜ್‌ಗೆ ಎಳೆದು ಎಷ್ಟಿದೆ ಅಂತ ಬರೆದುಕೊಂಡು ವಾಪಸ್ ಹಾಕಿ. ಪ್ರತಿ ಸಲ ಸಿರಿಂಜ್ ತೊಳೆದು ಒರೆಸಿಕೊಳ್ಳಿ. ಜೇನು ಅಂಟುತ್ತದೆ, ತೆಂಗಿನೆಣ್ಣೆ ಚಳಿಗೆ ಹೆಪ್ಪುಗಟ್ಟಬಹುದು, ಅವೆರಡನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದರೆ ಸಾಕು.

ಬಿಸಿ ತಟ್ಟೆಯ ಮೇಲೆ ಮೊದಲು ಕಡಿಮೆಯಾಗುವುದು ಸ್ಪಿರಿಟ್. ದ್ರವದ ಕಣಗಳು ಒಂದನ್ನೊಂದು ಹಿಡಿದುಕೊಂಡಿರುತ್ತವೆ, ಬಿಸಿ ಕೊಟ್ಟಂತೆ ಅವುಗಳ ಓಟ ಹೆಚ್ಚಿ, ಜೋರಾಗಿ ಓಡುವವು ಮೇಲಿನಿಂದ ಬಿಡಿಸಿಕೊಂಡು ಹೋಗುತ್ತವೆ. ನೀರಿನ ಕಣಗಳ ಹಿಡಿತ ಬಿಗಿ, ಸ್ಪಿರಿಟ್‌ನಲ್ಲಿರುವ ಆಲ್ಕೋಹಾಲಿನದು ಸಡಿಲ. ಅದು 78 ಡಿಗ್ರಿಗೇ ಕುದಿಯುತ್ತದೆ. ನೀರು ಸಮುದ್ರಮಟ್ಟದಲ್ಲಿ 100ಕ್ಕೆ ಕುದಿಯುತ್ತದೆ, ಮಡಿಕೇರಿಯಷ್ಟು ಎತ್ತರದಲ್ಲಿ ಸುಮಾರು 96ಕ್ಕೆ. ಸ್ಪಿರಿಟ್ ಬಾಟಲಿಯ ಮೇಲೆ 70 ಪರ್ಸೆಂಟ್ ಎಂದಿದ್ದರೆ ಕೊನೆಗೆ ತಳದಲ್ಲಿ ಒಂದು ತೆಳು ಪದರ ಹೋಗಲು ಹಟ ಮಾಡುತ್ತದೆ, ಅದು ಬಹುತೇಕ ನೀರು.

ಬಿಸಿಯ ಕೆಲಸ ಸಣ್ಣದಲ್ಲ. 20 ಡಿಗ್ರಿಯಿಂದ 40ಕ್ಕೆ ಏರಿದರೆ ನೀರಿನ ಆವಿಯ ಒತ್ತಡ, ಅಂದರೆ ಆವಿಯಾಗಿ ಹೊರಡುವ ತವಕ, ಸುಮಾರು ಮೂರು ಪಟ್ಟಾಗುತ್ತದೆ. ತೆಂಗಿನೆಣ್ಣೆಗೆ ಮಾತ್ರ ಇದ್ಯಾವುದೂ ತಾಗುವುದಿಲ್ಲ, ಹಾಕಿದಷ್ಟೇ ಇರುತ್ತದೆ. ಅದರ ಕಣಗಳು ಉದ್ದ, ಭಾರ. ಬಾಣಲೆಯಲ್ಲಿ ಎಣ್ಣೆ ಕಾದು ಹೊಗೆಯಾಡುತ್ತದಲ್ಲ ಎಂದು ಕೇಳಬಹುದು, ಅದು ಎಣ್ಣೆ ಸೀದು ಒಡೆಯುವುದು, ನೀರಿನ ಹಾಗೆ ಆರುವುದಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಮೂಲೆಯಲ್ಲಿಟ್ಟ ಸೆಟ್. ಮಳೆ ಹಿಡಿದ ದಿನ ಅಲ್ಲಿ ನೀರು ಅಲುಗಾಡದಂತೆ ಕೂತಿರುತ್ತದೆ, ಸ್ಪಿರಿಟ್ ಮಾತ್ರ ಆರಾಮಾಗಿ ಕಡಿಮೆಯಾಗುತ್ತಾ ಹೋಗುತ್ತದೆ. ಗಾಳಿಯಲ್ಲಿ ನೀರಿನ ಆವಿ ಆಗಲೇ ತುಂಬಿದೆ, ಹೋದಷ್ಟೇ ನೀರು ಗಾಳಿಯಿಂದ ತಿರುಗಿ ಬರುತ್ತದೆ. ಸ್ಪಿರಿಟಿನ ಆವಿ ಗಾಳಿಯಲ್ಲಿ ಇಲ್ಲವೇ ಇಲ್ಲ, ಅದನ್ನು ತಡೆಯುವವರಿಲ್ಲ. ಉಪ್ಪುನೀರಿನ ಮುಚ್ಚಳವನ್ನು ಮಾರನೇ ದಿನವೂ ಅಳೆಯಿರಿ. ಗಾಳಿಯ ತೇವ 75 ಪರ್ಸೆಂಟ್ ದಾಟಿದ್ದರೆ ಅದು ಕಡಿಮೆಯಾಗುವ ಬದಲು ಜಾಸ್ತಿಯಾಗಿರುತ್ತದೆ! ಮಳೆಗಾಲದಲ್ಲಿ ಡಬ್ಬಿಯ ಉಪ್ಪು ನೀರೊಡೆಯುವುದೂ ಇದಕ್ಕೇ. ಜೇನೂ ಹಾಗೇ ತೇವ ಎಳೆದುಕೊಂಡು ತೂಕ ಏರುತ್ತದೆ, ಮೇಲುಪದರ ತೆಳ್ಳಗಾಗುತ್ತದೆ. ತಟ್ಟೆಯ ಮೇಲಿದ್ದ ಉಪ್ಪುನೀರು ಮಾತ್ರ ಬಿಸಿ ಇರುವಷ್ಟು ಹೊತ್ತು ಕಡಿಮೆಯಾಗುತ್ತಲೇ ಇರುತ್ತದೆ. ಅಂದರೆ ದ್ರವ ಎಷ್ಟು ಬಿಸಿಯಿದೆ ಎಂಬುದರ ಜೊತೆಗೆ ಅದೇ ಆವಿ ಗಾಳಿಯಲ್ಲಿ ಆಗಲೇ ಎಷ್ಟಿದೆ ಎಂಬುದನ್ನೂ ಕೇಳಬೇಕು.

ಸಮಯವಿದ್ದರೆ ಇನ್ನೆರಡು ಮುಚ್ಚಳ ಸೇರಿಸಿ. ಒಂದಕ್ಕೆ ಅಂಗಡಿಯ ವಿನೆಗರ್, ಇನ್ನೊಂದಕ್ಕೆ ನೀರು ಬೆರೆಸಿದ ಕಾಚಂಪುಳಿ (ಕೊಡಗಿನ ಅಡುಗೆಗೆ ಹಾಕುವ, ಹುಳಿ ಹಣ್ಣಿನ ಗಟ್ಟಿ ರಸ). ಬಿಸಿ ತಟ್ಟೆಯ ಮೇಲಿಟ್ಟ ತಕ್ಷಣ ವಿನೆಗರ್ ಮೂಗಿಗೆ ಹೊಡೆಯುತ್ತದೆ, ಏಕೆಂದರೆ ಅದರ ಹುಳಿಯ ಒಂದು ಪಾಲು ನೀರಿನ ಜೊತೆಗೇ ಆವಿಯಾಗಿ ಹೋಗುತ್ತದೆ. ಕಾಚಂಪುಳಿಯ ಹುಳಿ ಹಾಗೆ ಹೋಗುವ ಜಾತಿಯದಲ್ಲ. ಹಣ್ಣಿನ ರಸವನ್ನು ಗಂಟೆಗಟ್ಟಲೆ ಕುದಿಸಿ ಕಪ್ಪಗೆ, ಗಟ್ಟಿಯಾಗಿ ಇಳಿಸಿದರೂ ನೀರು ಮಾತ್ರ ಹೋಗಿ ಹುಳಿ ಪಾತ್ರೆಯಲ್ಲೇ ಉಳಿಯುತ್ತದೆ. ಹಾಗಾಗಿಯೇ ಹಂದಿಮಾಂಸದ ಪಂದಿ ಕರಿಗೆ ಒಂದೇ ಚಮಚ ಸಾಕಾಗುವುದು.