ಪಾಸ್‌ವರ್ಡ್ ರಿಸೆಟ್ ಕೆಲಸ ಅಕ್ಕನಿಗೆ ಕೊಟ್ಟೆ

ನನ್ನ ಮನೆ ಮುಂಬೈ ಪಕ್ಕದ ಡೊಂಬಿವಲಿ, ಆಫೀಸು ಮುಂಬೈಯ ಸಾಕಿನಾಕಾ. ಘಾಟ್ಕೋಪರ್ ತನಕ ಲೋಕಲ್, ಆಮೇಲೆ ಮೆಟ್ರೋ. ಸೋಮವಾರ ಬಂತೆಂದರೆ ಟ್ರೇನಿನಲ್ಲೇ ಆಫೀಸಿನವರ ಫೋನು ಶುರು, ಅಕೌಂಟ್ ಲಾಕ್ ಆಗಿದೆ ಅಂತ. ಐಟಿಗೆ ಇರುವುದು ನಾನೊಬ್ಬನೇ, ನಾನು ತಲುಪುವ ತನಕ ಅವರು ಸುಮ್ನೆ ಕೂತಿರಬೇಕು.

ನಮ್ಮ ಅಡ್ಮಿನ್ ಸೆಕ್ಷನ್‌ನಲ್ಲಿ ಕುಂದಾಪುರದ ಅಕ್ಕ ಒಬ್ಬರಿದ್ದಾರೆ. ಎಲ್ಲರಿಗಿಂತ ಮೊದಲು ಬರುತ್ತಾರೆ, ಪ್ರತಿಯೊಬ್ಬರ ಮುಖ, ದನಿ ಗೊತ್ತು. ರಿಸೆಟ್ ಮಾಡುವುದು ಅರ್ಧ ನಿಮಿಷದ ಕೆಲಸ, ಕೇಳುತ್ತಿರುವುದು ಅದೇ ಮನುಷ್ಯನಾ ಅಂತ ಖಾತ್ರಿ ಮಾಡಿಕೊಳ್ಳುವುದೇ ಕಷ್ಟ, ಅಲ್ವಾ? ಅದಕ್ಕೆ ನನಗಿಂತ ಅವರೇ ಸರಿ.

ನಮ್ಮ ಅಕೌಂಟ್‌ಗಳೆಲ್ಲ ಇರುವುದು ವಿಂಡೋಸ್ ಸರ್ವರ್‌ನ ಆಕ್ಟಿವ್ ಡೈರೆಕ್ಟರಿಯಲ್ಲಿ. ಅದರಲ್ಲಿ ಎಲ್ಲ ಅಧಿಕಾರವೂ ಇರುವ ಡೊಮೇನ್ ಅಡ್ಮಿನ್ ಕೊಡುವ ಮಾತೇ ಇಲ್ಲ. ಅಕೌಂಟ್ ಆಪರೇಟರ್ಸ್ ಗುಂಪಿಗೆ ಸೇರಿಸಿದರೂ ಜಾಸ್ತಿಯೇ ಆಯ್ತು: ಯೂಸರ್‌ಗಳನ್ನು ಅಳಿಸಬಹುದು, ಎಲ್ಲರ ಲಾಗಿನ್ ನೋಡಿಕೊಳ್ಳುವ ಮುಖ್ಯ ಸರ್ವರ್‌ಗೇ, ಅಂದರೆ ಡೊಮೇನ್ ಕಂಟ್ರೋಲರ್‌ಗೇ, ಲಾಗಿನ್ ಆಗಬಹುದು. ಹಾಗಾಗಿ ಹೊಸ ಗ್ರೂಪ್ ಮಾಡಿ ಅಕ್ಕನನ್ನು ಅದರೊಳಗೆ ಹಾಕಿದೆ. ನಾಳೆ ಅವರ ಜಾಗಕ್ಕೆ ಬೇರೆಯವರು ಬಂದರೆ ಗ್ರೂಪಿನ ಸದಸ್ಯರನ್ನು ಬದಲಿಸಿದರೆ ಸಾಕು. ಸಾಮಾನ್ಯ ಸಿಬ್ಬಂದಿ ಇರುವ ಓಯು (ಅಕೌಂಟ್‌ಗಳನ್ನು ವಿಂಗಡಿಸಿಡುವ ಫೋಲ್ಡರ್ ಥರ) ಒಂದರ ಮೇಲೆ ಮಾತ್ರ, ಅಧಿಕಾರ ಹಂಚುವ ಡೆಲಿಗೇಶನ್ ವಿಝಾರ್ಡ್ ಓಡಿಸಿ, ಪಾಸ್‌ವರ್ಡ್ ರಿಸೆಟ್ ಮಾಡಿ ಮುಂದಿನ ಲಾಗಿನ್‌ನಲ್ಲಿ ಬದಲಿಸಲು ಹೇಳುವ ಅನುಮತಿ ಕೊಟ್ಟೆ.

ಟೆಸ್ಟ್ ಮಾಡಿದಾಗ ಪಾಸ್‌ವರ್ಡ್ ಬದಲಾಯಿತು, ಲಾಕ್ ಮಾತ್ರ ಬಿಡಲಿಲ್ಲ! ಅನ್‌ಲಾಕ್ ಅನುಮತಿ ವಿಝಾರ್ಡ್‌ನ ಸಿದ್ಧ ಪಟ್ಟಿಯಲ್ಲಿ ಇರುವುದೇ ಇಲ್ಲ. ಕಸ್ಟಮ್ ಟಾಸ್ಕ್‌ಗೆ ಹೋಗಿ, ಯೂಸರ್ ಆಬ್ಜೆಕ್ಟ್ ಆರಿಸಿ, ಲಾಕ್‌ಔಟ್‌ಟೈಮ್ ಎಂಬ ಪ್ರಾಪರ್ಟಿಗೆ ರೀಡ್, ರೈಟ್ ಎರಡನ್ನೂ ಬೇರೆಯಾಗಿ ಕೊಡಬೇಕು.

ಆಮೇಲೂ ಒಬ್ಬ ಸೂಪರ್‌ವೈಸರ್ ಅಕೌಂಟ್ ಮಾತ್ರ ಒಪ್ಪಲಿಲ್ಲ. ಅರ್ಧ ದಿನ ಹುಡುಕಿದೆ. ಅವರು ಹಿಂದೆ ಪ್ರಿಂಟ್ ಆಪರೇಟರ್ಸ್ ಗುಂಪಿನಲ್ಲಿದ್ದರು. ಅಂಥ ವಿಶೇಷ ಅಧಿಕಾರದ ಗುಂಪುಗಳ ಸದಸ್ಯರ ಅನುಮತಿಗಳನ್ನು ವಿಂಡೋಸ್ 60 ನಿಮಿಷಕ್ಕೊಮ್ಮೆ ತನ್ನ ಲೆಕ್ಕಕ್ಕೆ ತಿದ್ದಿಬಿಡುತ್ತದೆ. ಗುಂಪಿನಿಂದ ತೆಗೆದರೂ ಅಕೌಂಟಿನಲ್ಲಿ ಅದರ ಗುರುತಾದ ಅಡ್ಮಿನ್‌ಕೌಂಟ್ 1 ಹಾಗೇ ಉಳಿಯುತ್ತದೆ, ಇನ್‌ಹೆರಿಟೆನ್ಸ್ (ಓಯು ಮೇಲಿನ ಅನುಮತಿ ಅಕೌಂಟಿಗೂ ಇಳಿಯುವುದು) ಕೂಡ ಆಫ್ ಆಗಿಯೇ ಇರುತ್ತದೆ. ಎರಡನ್ನೂ ಕೈಯಾರೆ ಸರಿಮಾಡಿದೆ. ಅಡ್ಮಿನ್ ಅಕೌಂಟ್‌ಗಳಿಗೆ ಮಾತ್ರ ಈ ಕಾವಲು ಇರಲೇಬೇಕು, ಅದನ್ನು ಮುಟ್ಟಬೇಡಿ.

ಅಕೌಂಟ್ ನಿರ್ವಹಿಸುವ ಪೂರ್ತಿ ಕನ್ಸೋಲ್ ತೋರಿಸಿದಾಗ ಅಕ್ಕ ಹೆದರಿದರು. "ತಮ್ಮಾ, ನಾನು ಎಂತಾದ್ರೂ ಒತ್ತಿ ಹಾಳಾದ್ರೆ?"

"ಈ ಟೆಸ್ಟ್ ಅಕೌಂಟ್ ಡಿಲೀಟ್ ಮಾಡಿ ನೋಡಿ ಅಕ್ಕ," ಅಂದೆ. ಒತ್ತಿದರು. ಅನುಮತಿ ಇಲ್ಲ ಅಂತ ಬಂತು. ಮತ್ತೆ ಒತ್ತಿದರು, ಅದೇ. ಆಗ ಅವರಿಗೆ ಧೈರ್ಯ ಬಂತು.

ಆದರೂ ದಿನಾ ಅಷ್ಟು ದೊಡ್ಡ ಕಿಟಕಿ ಯಾಕೆ ಅಂತ ವಿಂಡೋಸ್‌ನ ಕನ್ಸೋಲ್ ಕಟ್ಟುವ ಸಾಧನ ಎಂಎಂಸಿಯಲ್ಲಿ ಟಾಸ್ಕ್‌ಪ್ಯಾಡ್, ಅಂದರೆ ಬೇಕಾದ ಬಟನ್ ಮಾತ್ರ ಇರುವ ಪುಟ, ಮಾಡಿಕೊಟ್ಟೆ. ಹೆಸರುಗಳ ಪಟ್ಟಿ, ಪಕ್ಕದಲ್ಲಿ ಒಂದೇ ಬಟನ್, "ಹೊಸ ಪಾಸ್‌ವರ್ಡ್" ಅಂತ ಕನ್ನಡದಲ್ಲೇ. ಅದನ್ನು ಒತ್ತಿದರೆ ಬರುವ ಪೆಟ್ಟಿಗೆಯಲ್ಲೇ ಅನ್‌ಲಾಕ್ ಟಿಕ್ ಕೂಡ ಇದೆ. ಬೇರೆಯವರು ತಿದ್ದದ ಹಾಗೆ ಯೂಸರ್ ಮೋಡ್‌ನಲ್ಲಿ ಸೇವ್ ಮಾಡಿದೆ. ನೆನಪಿಡಿ, ಬಟನ್ ಕಡಿಮೆ ಮಾಡಿದ್ದು ಬರೀ ಅನುಕೂಲಕ್ಕೆ. ನಿಜವಾದ ಬೇಲಿ ಓಯು ಮೇಲಿನ ಅನುಮತಿಯೇ.

ಕೊಟ್ಟದ್ದನ್ನು ವಾಪಸ್ ಪಡೆಯಲು ವಿಝಾರ್ಡ್‌ನಲ್ಲಿ ದಾರಿ ಇಲ್ಲ, ಓಯುವಿನ ಸೆಕ್ಯುರಿಟಿ ಟ್ಯಾಬ್ ಅಥವಾ ಡಿಎಸ್‌ಎಕಲ್ಸ್ ಎಂಬ ಕಮಾಂಡ್ ಹಿಡಿಯಬೇಕು. ಹಾಗಾಗಿ ಏನೇನು ಕೊಟ್ಟೆ ಅಂತ ಅವತ್ತೇ ಬರೆದಿಟ್ಟೆ. ಅಕ್ಕನದೂ ಒಂದು ರಿಜಿಸ್ಟರ್ ಇದೆ: ಯಾರು, ಎಷ್ಟು ಗಂಟೆಗೆ, ಎದುರಿಗೆ ಬಂದರಾ ಫೋನಾ. ಶುಕ್ರವಾರ ಸಂಜೆ ಅದನ್ನು ಸರ್ವರ್ ಲಾಗ್‌ನ 4724 (ರಿಸೆಟ್) ಮತ್ತು 4767 (ಅನ್‌ಲಾಕ್) ನಂಬರಿನ ಇವೆಂಟ್‌ಗಳ ಜೊತೆ ಇಬ್ಬರೂ ಕೂತು ತಾಳೆ ನೋಡುತ್ತೇವೆ. ಕಳೆದ ವಾರ ಐದು ರಿಸೆಟ್, ಐದೂ ಹೊಂದಿದವು.