ಅಳಿವೆಯ ಕೆಸರು ಜಾಲಿಸುವ ಮೊದಲು

ಕಾಸರಗೋಡಿನ ಶಿರಿಯ, ಚಂದ್ರಗಿರಿ ಹೊಳೆಗಳ ಅಳಿವೆಯಲ್ಲಿ, ಸಿಗಡಿಯ ಬಳಗಕ್ಕೆ ಸೇರಿದ ಕೆಸರಿನ ಪುಟ್ಟ ಕವಚಜೀವಿಗಳಾದ ಆಂಫಿಪಾಡ್, ಟಾನೈಡ್, ಐಸೋಪಾಡ್‌ಗಳನ್ನು ಎಣಿಸುವಾಗ ನಾನು ಮೊದಲು ಅಳೆಯುವುದು ತಳದ ನೀರಿನ ಉಪ್ಪನ್ನು. ಮೇಲ್ನೀರಿನ ಅಂಕಿ ಈ ಕೆಲಸಕ್ಕೆ ಬಾರದು. ಹೊಳೆಯ ಸಿಹಿನೀರು ಹಗುರ, ಮೇಲೆಯೇ ಹರಿದುಹೋಗುತ್ತದೆ. ಉಬ್ಬರದ ಉಪ್ಪುನೀರು ಅದರಡಿಯಲ್ಲಿ ನುಗ್ಗುತ್ತದೆ. ತಳದಿಂದ ಗೇಣು ಮೇಲೆ ನಿಸ್ಕಿನ್ ಬಾಟಲಿಯಲ್ಲಿ (ಬೇಕಾದ ಆಳದಲ್ಲೇ ಮುಚ್ಚಿಕೊಳ್ಳುವ ಬಾಟಲಿ) ನೀರು ಹಿಡಿದು, ಬೆಳಕು ಬಾಗುವುದರಿಂದ ಉಪ್ಪನ್ನು ಅಳೆಯುವ ರಿಫ್ರಾಕ್ಟೋಮೀಟರಿಗೆ ಒಂದೆರಡು ಹನಿ ಬಿಟ್ಟರೆ ಸಾಕು. ಡಿಸ್ಟಿಲ್ಡ್ ನೀರಿನಲ್ಲಿ ಸೊನ್ನೆ ತೋರಿಸದ ಉಪಕರಣವನ್ನು ದೋಣಿಗೆ ಹತ್ತಿಸಬಾರದು. ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಅಳೆಯುವ ವಿಂಕ್ಲರ್ ವಿಧಾನದ ಬಾಟಲಿಗೂ ಅದೇ ನೀರು; ಗುಳ್ಳೆ ಸೇರದಂತೆ ನಳಿಕೆಯನ್ನು ಬುಡಕ್ಕಿಳಿಸಿ ತುಂಬಿಸಿ, ರಾಸಾಯನಿಕಗಳನ್ನು ಅಲ್ಲೇ ಹಾಕುತ್ತೇನೆ.

ಕೆಸರಿಗೆ ಒಂದು ಹಿಡಿಯಲ್ಲಿ 0.04 ಚದರ ಮೀಟರ್ ತಳವನ್ನು ಎರಡು ದವಡೆಗಳಿಂದ ಕಚ್ಚಿ ತರುವ ವ್ಯಾನ್ ವೀನ್ ಗ್ರ್ಯಾಬ್. ಪ್ರತಿ ಜಾಗದಲ್ಲಿ ಜೀವಿಗಳಿಗೆ ಮೂರು ಹಿಡಿ, ಮಣ್ಣಿನ ಪರೀಕ್ಷೆಗೆ ಬೇರೆ ಒಂದು. ಸರಾಸರಿಯನ್ನು 25ರಿಂದ ಗುಣಿಸಿದರೆ ಚದರ ಮೀಟರಿನ ಲೆಕ್ಕ. ದವಡೆಗೆ ಚಿಪ್ಪೋ ಕಾಂಡ್ಲದ (ಮ್ಯಾಂಗ್ರೋವ್) ಕಡ್ಡಿಯೋ ಸಿಕ್ಕಿಕೊಂಡರೆ ನೀರು ಸೋರಿ, ಮೇಲ್ಪದರದ ನುಣುಪು ಕೆಸರು ಜೀವಿಗಳ ಸಮೇತ ಹೋಗುತ್ತದೆ. ಆ ಹಿಡಿಯನ್ನು ಹೊಳೆಗೇ ಸುರಿಯಬೇಕು, ಹೊಂದಿಸಿಕೊಳ್ಳಬಾರದು.

ಜರಡಿ 0.5 ಮಿ.ಮೀ. ಜೀವಂತ ಜಾಲಿಸಿದರೆ ಸಪೂರ ಟಾನೈಡ್‌ಗಳು, ಮರಿ ಆಂಫಿಪಾಡ್‌ಗಳು ನುಸುಳಿಬಿಡುತ್ತವೆ. ಹಾಗಾಗಿ ಮೊದಲು ಫಾರ್ಮಲಿನ್, ಆಮೇಲೆ ಜರಡಿ. ಅಂಗಡಿಯ ಫಾರ್ಮಲಿನ್ ಒಂದು ಪಾಲು, ಸೋಸಿದ ಅಳಿವೆ ನೀರು ಒಂಬತ್ತು ಪಾಲು. ಆಮ್ಲ ತಗ್ಗಿಸುವ ಬೊರಾಕ್ಸ್ ಹಾಕಲು ಮರೆತರೆ ಆಮ್ಲವೇರಿ ಕವಚದ ಸುಣ್ಣ ಕರಗುತ್ತದೆ, ಕಾಲು ಮೀಸೆಗಳು ಉದುರುತ್ತವೆ. ಜಾತಿ ಗುರುತಿಸುವುದು ಬಹುಮಟ್ಟಿಗೆ ಆ ಕಾಲುಗಳಿಂದಲೇ! ಜೀವಿಗಳು ಎದ್ದು ಕಾಣಲೆಂದು ಹಾಕುವ ರೋಸ್ ಬೆಂಗಾಲ್ ಬಣ್ಣ ಕೊಳೆತ ಎಲೆಗೂ ಬಣ್ಣ ಹಿಡಿಸುತ್ತದೆ, ಕೆಂಪಾದದ್ದೆಲ್ಲ ಜೀವಿಯಲ್ಲ.

ಜೂನ್‌ನಿಂದ ಸೆಪ್ಟೆಂಬರಿನ ನೆರೆನೀರು ಉಪ್ಪನ್ನು ಸೊನ್ನೆಯ ಹತ್ತಿರಕ್ಕೆ ಇಳಿಸುವುದಲ್ಲದೆ ಮೇಲ್ಪದರವನ್ನೂ ಕೊಚ್ಚುತ್ತದೆ. ಸಿಗಡಿಯ ಮರಿಗಳು ಕಡಲಿನಿಂದ ಮತ್ತೆ ಬರುತ್ತವೆ. ನಾನು ಎಣಿಸುವ ಈ ಪುಟ್ಟ ಜೀವಿಗಳಿಗೆ ಆ ದಾರಿಯಿಲ್ಲ. ಮೊಟ್ಟೆಗಳು ತಾಯಿಯ ಹೊಟ್ಟೆಯಡಿಯ ಚೀಲದಲ್ಲೇ ಬೆಳೆಯುತ್ತವೆ, ತೇಲಾಡುವ ಲಾರ್ವಾ ಹಂತವಿಲ್ಲ. ಕಾಂಡ್ಲದ ಬುಡದಲ್ಲಿ, ಪಕ್ಕದ ಹಿನ್ನೀರಿನಲ್ಲಿ ಉಳಿದವೇ ಹಬ್ಬಬೇಕು. ಮಳೆ ನಿಂತ ಮೇಲೆ ಸಂಖ್ಯೆ ಎಲ್ಲ ಕಡೆ ಒಟ್ಟಿಗೆ ಏರದೆ ತೇಪೆತೇಪೆಯಾಗಿ ಏರುವುದಕ್ಕೆ ನಾನು ಕೊಡುವ ಮುಖ್ಯ ಕಾರಣ ಇದೇ. ಬೇಸಿಗೆಯಲ್ಲಿ ಮರಳದಿಬ್ಬ ಅಳಿವೆಯ ಬಾಯಿ ಕಟ್ಟಿದರೆ ತೊಂದರೆ ಬೇರೆ: ತಳದ ಆಮ್ಲಜನಕ ಕುಸಿದು ಆಂಫಿಪಾಡ್‌ಗಳು ಮೊದಲು ಕಾಣೆಯಾಗುತ್ತವೆ, ಕೆಲವು ಜಾತಿಯ ಹುಳುಗಳು ತಡೆದುಕೊಳ್ಳುತ್ತವೆ.

ಮಣ್ಣನ್ನು 63 ಮೈಕ್ರಾನ್ ಜರಡಿಯಲ್ಲಿ ಒದ್ದೆಯಾಗಿಯೇ ಸೋಸಿ ಮರಳು, ಕೆಸರಿನ ಪಾಲು ತೂಗುತ್ತೇನೆ. ಒಣಗಿಸಿದ ಮೇಲೆ ಸೋಸಿದರೆ ಜೇಡಿ ಗಟ್ಟಿಯಾಗಿ ಮರಳಿನ ಲೆಕ್ಕಕ್ಕೆ ಸೇರುತ್ತದೆ.